ಹೊತ್ತು ಮೀರಿದ ಬಿತ್ತನೆ

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಸೊರಟೂರಿನ ಮೈಲಾರಪ್ಪ ತನ್ನ ಬಾವಿ ಹೊಲದಲ್ಲಿ ಜವೆಗೋಧಿ ಬಿತ್ತಲು ಒಪ್ಪಿಕೊಂಡ. ಗದಗಿನಿಂದ ಬೇಸಾಯದ ಸಾಹೇಬರಾದ ವಾಸುದೇವರಾಯರು ಎರಡು ತಳಿಯ ಬೀಜ ತಂದಿದ್ದರು. ಒಂದು ಸಿಪ್ಪೆಯದು, ಇನ್ನೊಂದು ಸಿಪ್ಪೆ ಅಂಟದ ಬೋಳುಕಾಳಿನದು. ಅರ್ಧ ಹೊಲಕ್ಕೆ ದಸರೆಯ ಬೆನ್ನಿಗೆ, ಉಳಿದರ್ಧಕ್ಕೆ ದೀಪಾವಳಿಯ ನಂತರ ಎರಡನ್ನೂ ಬಿತ್ತಬೇಕು. ಯಾವ ಹೊತ್ತಿನ ಬಿತ್ತನೆ ಈ ಸೀಮೆಗೆ ಒಗ್ಗುತ್ತದೋ ನೋಡೋಣ ಎಂದಿದ್ದರು.

ದಸರೆಯ ಬಿತ್ತನೆ ಗಂಡ ಹೆಂಡತಿ ಕೂಡಿಯೇ ಮಾಡಿದರು. ಮೈಲಾರಪ್ಪ ಎತ್ತು ಹೂಡಿ ಕೂರಿಗೆ ಹೊಡೆದ. ಅಮೃತವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ಕಾಳು ಬಿಡುತ್ತ ನಡೆದಳು. ಸಾಲು ಹಸಿರಾಗುವಷ್ಟರಲ್ಲಿ ಮುಂಡರಗಿಯಿಂದ ಖಬರು ಬಂತು. ನಿಜಾಮನ ಗಡಿಯಾಚೆ ಊರುಗಳ ಲೂಟಿ ನಡೆದಿದೆ, ಓಡಿಬರುವ ಜನರನ್ನು ಕಾಯಲು ಗಂಡಾಳು ಬೇಕು.

"ದೀಪಾವಳಿಗೆ ಬರ್ತೀನಿ. ಉಳಿದದ್ದು ಆಮ್ಯಾಲ ಬಿತ್ತೂಣು," ಎಂದು ಮೈಲಾರಪ್ಪ ಹೋದ.

ದೀಪಾವಳಿಗೆ ಚಕ್ಕಡಿಯಲ್ಲಿ ಬಂದದ್ದು ಅವನ ಹೆಣ.

ಅಮೃತವ್ವ ಬಹಳ ದಿನ ಮನೆಯ ಹೊಸ್ತಿಲು ದಾಟಲಿಲ್ಲ. ಸುಮಾರು ಎರಡು ತಿಂಗಳು ಕಳೆದು ಎಳ್ಳಮಾಸಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಎದ್ದವಳೇ ಬೀಜದ ಗಂಟು ಬಿಚ್ಚಿದಳು. ಮೈದುನ ಸಕ್ರಪ್ಪನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ವಿಧವೆ ಬೀಜ ಮುಟ್ಟುವಂತಿರಲಿಲ್ಲ, ಬಿತ್ತಲು ಮನೆಯಲ್ಲಿ ಮುತ್ತೈದೆಯರು ಯಾರೂ ಇರಲಿಲ್ಲ.

"ನಿನ್ನ ಉಡಿ ಬರಿದಾಗೈತಿ ಅಮೃತಿ. ಅದರಾಗ ಬೀಜ ಕಟ್ಟಬ್ಯಾಡ," ಎಂದಳು ಅತ್ತೆ ಮುದುಕವ್ವ.

"ಅವರು ಹೇಳಿಹೋದ ಕೆಲಸ, ಅತ್ತಿ. ಹೆಂಗ ಬಿಡ್ಲಿ?"

ಸಕ್ರಪ್ಪ ಎತ್ತು ಹೂಡಿದ.

ಮಾಘದಲ್ಲಿ ಮೈಲಾರಪ್ಪ ದಸರೆಗೆ ಬಿತ್ತಿದ್ದ ಬೆಳೆ ಸೊಂಟದೆತ್ತರ ನಿಂತು ತೆನೆ ಬಾಗಿಸಿತು. ಅಮೃತವ್ವನಿಗೆ ಕುಡುಗೋಲು ಹಿಡಿಯಲು ಕೈ ಏಳಲಿಲ್ಲ. ಗಂಡ ಭೂಮಿಯ ಮೇಲೆ ಬಿಟ್ಟುಹೋದದ್ದು ಅದೊಂದೇ ಎನಿಸುತ್ತಿತ್ತು. ಸಕ್ರಪ್ಪ ಕೇಳಿದಾಗಲೆಲ್ಲ "ನಾಳಿ" ಎಂದಳು. ಒಣಗಿದ ತೆನೆ ಗಾಳಿಗೆ ಮುರಿದು ಬೀಳತೊಡಗಿದ ಮೇಲೆ ಅಳುತ್ತಲೇ ಕೊಯ್ದಳು.

ಅವಳು ಬಿತ್ತಿದ್ದು ಮೊಣಕಾಲೆತ್ತರಕ್ಕೇ ತೆನೆ ಹೊತ್ತು, ಹೋಳಿ ಹುಣ್ಣಿಮೆಯ ಬಿಸಿಲಿಗೆ ಬೆಳ್ಳಗಾಯಿತು. ಸಿಪ್ಪೆಯ ತಳಿಯಲ್ಲಿ ಅಷ್ಟಿಷ್ಟು ಸಣಕಲು ಕಾಳು ಸಿಕ್ಕಿತು. ಬೋಳುಕಾಳಿನದು ಬರೀ ಹೊಟ್ಟು. ಬಾವಿಕಟ್ಟೆಯ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು.

ನೋಡಲು ಬಂದ ವಾಸುದೇವರಾಯರ ಎದುರು ಮುದುಕವ್ವ, "ಬ್ಯಾಡಂದ್ರೂ ಕೇಳಲಿಲ್ಲ. ಇಕಿ ಕೈಗುಣ ನೆಟ್ಟಗಿಲ್ಲರಿ," ಎಂದಳು.

ರಾಯರು ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದರು. "ಕೈಯಿಂದ ಆಗಿದ್ದಲ್ಲ ಇದು, ಯವ್ವಾ. ಹೊತ್ತು ಮೀರಿತ್ತು. ಕಾಳು ಹಾಲುಂಬೋ ಹೊತ್ತಿಗೆ ಬಿಸಲು ಬಿತ್ತು. ನಾನು ಬಿತ್ತಿದ್ರೂ ಹಿಂಗ ಆಗತಿತ್ತು."

"ಹೊತ್ತು ಯಾಕ ಮೀರಿತ್ರಿ ರಾಯರ? ಅವರು ಇದ್ದಿದ್ರ ಮೀರತಿತ್ತೇನು?" ಎಂದಳು ಅಮೃತವ್ವ.

ರಾಯರು ಸಣಕಲು ಕಾಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೊರಟರು.

ಮರುವರ್ಷ ನಿಜಾಮನ ಆಳಿಕೆ ಮುಗಿದು ಗಡಿ ತಣ್ಣಗಾಗಿತ್ತು. ದಸರೆ ಕಳೆದದ್ದೇ ಅಮೃತವ್ವ ಯಾರನ್ನೂ ಕೇಳದೆ ಉಡಿ ಕಟ್ಟಿದಳು. ಎರಡೂ ತಳಿ ಹೊಲ ತುಂಬಿ ಬಂದವು. ಕೊಯ್ಲಿನ ದಿನ ಮುದುಕವ್ವ ಕೋಲೂರಿಕೊಂಡು ಬಂದು ಬದುವಿನ ಮೇಲೆ ಕುಳಿತಳು. ಸೊಸೆಯನ್ನು ಕರೆದಳು.

"ಸಕ್ರಿ ಹೊಟ್ಟ್ಯಾಗಿದ್ದಾಗ ನಿಮ್ಮ ಮಾವ ಹೋದ. ಆ ವರ್ಷ ನನಗ ಯಾರೂ ಬಿತ್ತಾಕ ಬಿಡಲಿಲ್ಲ, ಯವ್ವಾ. ಈ ಹೊಲ ಬೀಳು ಬಿತ್ತು. ಮೈಲಾರಿ ಹಸ್ತು ಅಳತಿದ್ದ."

ಅಮೃತವ್ವ ಕುಡುಗೋಲು ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಕುಳಿತಳು. ಮುದುಕಿ ಮಗನ ಹೆಸರು ಹಿಡಿದು ಅಳುತ್ತಿದ್ದಳು. ಅಮೃತವ್ವ ಅವಳ ಬೆನ್ನು ಸವರುತ್ತ ಉಳಿದ ಬೆಳೆಯ ಕಡೆ ನೋಡಿದಳು.