ಗುಬ್ಬಿಯ ಎಡಗಾಲು

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮಕ್ಕಳ ಆಸ್ಪತ್ರೆಯ ಸಿಸ್ಟರ್, ಗುಬ್ಬಿಯ ಅಜ್ಜಿಯ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಗುಬ್ಬಿ ಕಾಲಾಡಿಸುತ್ತಾ ಕೂತಿದ್ದಳು. ಅವಳ ಎಡಗಾಲು ಬಲಗಾಲಿಗಿಂತ ದಪ್ಪ, ತುಸು ಉದ್ದ ಕೂಡ. ಅವಳ ಪ್ಯಾಂಟನ್ನು ಅಜ್ಜಿ ಎರಡು ಅಳತೆ ಹಿಡಿದೇ ಹೊಲಿಯುತ್ತಿದ್ದರು.

"ರಕ್ತದ ರಿಪೋರ್ಟ್ ಬಂತು ಅಮ್ಮ. ಏನೂ ಸಿಕ್ಕಿಲ್ಲ. ಅದಕ್ಕೇ ಡಾಕ್ಟರು ಆ ಕಾಲಿಂದ ಒಂದು ಚೂರು ಚರ್ಮ ತೆಗೆದು ನೋಡೋಣ ಅಂತಿದ್ದಾರೆ."

"ಏನೂ ಸಿಕ್ಕಿಲ್ಲ ಅಂದ್ಮೇಲೆ ಮಗೂನ ಯಾಕೆ ಕೊಯ್ಯೋದು?" ಅಜ್ಜಿ ಕತ್ತರಿಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಿಂದ ಬಂತು ಅಂತ ನಂಗೆ ಗೊತ್ತು ಬಿಡಿ. ನಮ್ಮ ಕಡೆ ಏಳು ಜನ, ಹದಿನಾಲ್ಕು ಕಾಲು. ಎಲ್ಲಾ ಸರಿಸಮ. ಇದು ಇವಳಮ್ಮನ ತವರಿನ ಕಡೆಯಿಂದ ಬಂದಿದ್ದು."

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಸೊಸೆ ತಲೆ ತಗ್ಗಿಸಿದಳು. ಅವಳಿಗೀಗ ಐದು ತಿಂಗಳು.

"ಸಿಸ್ಟರ್, ಹೊಟ್ಟೇಲಿರೋದಕ್ಕೂ ಹೀಗೇ ಆಗುತ್ತಾ?"

ಆ ವಾರ ಅವಳು ಹಾಗೆ ಕೇಳಿದ್ದು ಅದು ನಾಲ್ಕನೇ ಸಲ. ಅದು ತನ್ನ ಮಾತಿನ ಫಲ ಎಂದು ಅಜ್ಜಿಗೆ ಗೊತ್ತಿತ್ತು. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಂಡು ಅವರಿಗೆ ಅಭ್ಯಾಸವಿರಲಿಲ್ಲ.

ಸಿಸ್ಟರ್ ವಾದಕ್ಕಿಳಿಯಲಿಲ್ಲ. ಮೇಜಿನ ಮೇಲಿದ್ದ ಶಾಲಾ ಅಂಗಿಗಳನ್ನು ನೋಡಿದರು. "ಇದ್ಯಾಕೆ ಎರಡು ಗುಡ್ಡೆ ಮಾಡಿದ್ದೀರಿ?"

"ಅಯ್ಯೋ, ಅದೊಂದು ತಲೆನೋವು! ಈ ಗುಡ್ಡೆ ಅಂಗಿಗಳಿಗೆ ತೋಳು ಕಂಕುಳ ಹತ್ರ ಸೊಟ್ಟ."

"ಬಟ್ಟೆ ತಂದುಕೊಟ್ಟವರ ತಪ್ಪಾ?"

"ಛೆ, ಅವರೇನು ಮಾಡ್ತಾರೆ? ಬಟ್ಟೆ ಚೆನ್ನಾಗೇ ಇದೆ. ಬಟ್ಟೆ ಮೇಲಿಟ್ಟು ಕತ್ತರಿಸೋ ನನ್ನ ಮೊದಲ ನಮೂನೆ ಕಾಗದಾನೂ ನೆಟ್ಟಗಿದೆ, ನೋಡಿ. ಕಾಗದ ಹರಿದಾಗೆಲ್ಲ ಹಳೇದರ ಮೇಲಿಟ್ಟು ಹೊಸದು ಕತ್ತರಿಸ್ತೀವಿ. ಮೂರನೇ ಕಾಗದದಲ್ಲಿ ಕತ್ತರಿ ಜಾರಿದೆ. ಅದರಿಂದ ಇಳಿದದ್ದಕ್ಕೆಲ್ಲ ಅದೇ ಸೊಟ್ಟ. ಎರಡನೇದರಿಂದ ನೇರವಾಗಿ ಕತ್ತರಿಸಿದ್ದಕ್ಕೆ ಇಲ್ಲ. ತೋಳು ತೋರಿಸಿ ಸಾಕು, ಯಾವ ಕಾಗದದ ಸಂತಾನ ಅಂತ ಹೇಳ್ತೀನಿ."

"ಮೈಯೂ ಹೀಗೇ ಅಮ್ಮ," ಎಂದರು ಸಿಸ್ಟರ್. "ಒಂದು ಜೀವಕೋಶ ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಪ್ರತಿ ಸಲ, ಮೈ ಹೇಗೆ ಬೆಳೀಬೇಕು ಅಂತ ಅದರೊಳಗಿರೋ ಬರಹ ನಕಲಾಗುತ್ತೆ. ಆಗ ಒಂದೊಂದು ಅಕ್ಷರ ತಾನಾಗೇ ಬದಲಾಗುತ್ತೆ. ನಿಮ್ಮಲ್ಲೂ ಅಂಥವಿವೆ, ನನ್ನಲ್ಲೂ ಇವೆ. ಹೆಚ್ಚಿನವು ಏನೂ ಮಾಡಲ್ಲ, ಅಪರೂಪಕ್ಕೆ ಒಂದು ಆ ಜಾಗಾನ ಹೆಚ್ಚು ಬೆಳೆಸಿಬಿಡುತ್ತೆ. ಬದಲಾದ ಕೋಶದಿಂದ ಹುಟ್ಟೋ ಕೋಶಗಳಿಗೆಲ್ಲ ಅದೇ ಗುರುತು. ಆ ಗುರುತು ಹಿಡಿದೇ ಲ್ಯಾಬಲ್ಲಿ ಯಾವ ಕೋಶ ಎಲ್ಲಿಂದ ಇಳೀತು ಅಂತ ಪತ್ತೆ ಹಚ್ಚೋದು. ಅಂಥ ಗುರುತು ಗುಬ್ಬಿ ಕಾಲಲ್ಲಿದ್ದು, ಅಪ್ಪ ಅಮ್ಮನಲ್ಲೂ ಇಲ್ಲ, ಇವಳ ರಕ್ತದಲ್ಲೂ ಇಲ್ಲ ಅಂದ್ರೆ..."

ಅಜ್ಜಿ ಕತ್ತರಿ ಕೆಳಗಿಟ್ಟರು.

"...ಮೊದಲ ಕಾಗದ ನೆಟ್ಟಗಿತ್ತು ಅಂತ," ಎಂದು ಮಾತನ್ನು ಅವರೇ ಮುಗಿಸಿದರು.

ಅಜ್ಜಿ ಸೊಸೆಯ ಪಕ್ಕ ಹೋಗಿ ಕೂತರು. "ಆ ಮೂರನೇ ಕಾಗದ ಕತ್ತರಿಸಿದ್ದು ನಾನೇ ಕಣಮ್ಮ. ಬೇಕಂತ ಜಾರಿಸಲಿಲ್ಲ. ನಿನ್ನನ್ನ ಮಾತ್ರ ನಾಲ್ಕು ವರ್ಷದಿಂದ ಬೇಕಂತಲೇ ಅಂದೆ. ಏಳು, ಮುಖ ತೊಳ್ಕೋ. ಆಸ್ಪತ್ರೆಗೆ ನಾನೂ ಬರ್ತೀನಿ."

"ಅಜ್ಜಿ, ನಂಗೆ ಹೊಲಿಗೆ ಹಾಕ್ತಾರಾ?" ಎಂದಳು ಗುಬ್ಬಿ.

"ಆ ಜಾಗ ಮರಗಟ್ಟಿಸಿ ತೆಗೀತಾರೆ, ನೋವಾಗಲ್ಲ," ಎಂದರು ಸಿಸ್ಟರ್.

"ಹೊಲಿಗೆ ಹಾಕಿದ್ರೆ ನಾನಿಲ್ವಾ? ಸೊಟ್ಟ ಹಾಕಿದ್ರೆ ಬಿಚ್ಚಿಸ್ತೀನಿ!"

ಆರು ವಾರಕ್ಕೆ ಉತ್ತರ ಬಂತು. ಬದಲಾದ ಅಕ್ಷರ ಗುಬ್ಬಿಯ ಕಾಲಿನ ಚರ್ಮದಲ್ಲಿತ್ತು. ಅವಳ ರಕ್ತದಲ್ಲಿ ಇರಲಿಲ್ಲ, ತಂದೆತಾಯಿಯಲ್ಲೂ ಇರಲಿಲ್ಲ. ಗರ್ಭದಲ್ಲಿ ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆದದ್ದು ಎಂದರು ಡಾಕ್ಟರು. ಹುಟ್ಟಲಿರುವ ಮಗುವಿಗೆ ಬೇರೆ ಯಾವ ಮಗುವಿಗಿಂತಲೂ ಹೆಚ್ಚಿನ ಅಪಾಯವಿಲ್ಲ. ಗುಬ್ಬಿಯ ಕಾಲನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು, ಯಾವ ಔಷಧಿ ಯೋಚಿಸಬಹುದು ಎಂಬುದಕ್ಕೂ ದಾರಿ ಸಿಕ್ಕಿತು. ಆ ದಿನ ಸೊಸೆ ಮಧ್ಯಾಹ್ನವೇ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದಳು. ಅವಳಿಗೆ ಎಚ್ಚರವಾದೀತೆಂದು ಅಜ್ಜಿ ಮಿಷನ್ ತುಳಿಯಲಿಲ್ಲ.

ನಿಮ್ಮ ಮನೆಯ ಮಗುವಿನ ಮೈಯ ಒಂದು ಭಾಗ ಮಾತ್ರ ಬೇರೆಯಾಗಿ ಬೆಳೆಯುತ್ತಿದ್ದರೆ ತಾಯಿಯತ್ತ ಬೆರಳು ತೋರಿಸಬೇಡಿ. ರಕ್ತದಲ್ಲಿ ಏನೂ ಸಿಗಲಿಲ್ಲವೆಂದು ಅಲ್ಲಿಗೇ ನಿಲ್ಲಬೇಡಿ. ಆ ಜಾಗದ ಚರ್ಮದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಎಷ್ಟು ಚರ್ಮ ಕೊಯ್ಯುತ್ತಾರೋ ಎಂದು ಹೆದರುವವರಿಗೆ ಒಂದು ಮಾತು: ಗುಬ್ಬಿಯ ಕಾಲಿನಿಂದ ತೆಗೆದ ಚೂರಿನ ಅಗಲ ಮೂರು ಮಿಲಿಮೀಟರ್.