ಬೇಡ ಅಂದ ಮಾತು

ಯಾಕೂಬಸಾಬನ ತಲೆಯನ್ನು ಎರಡು ಅಂಗೈಗಳಲ್ಲಿ ಎತ್ತಿ ಹಿಡಿದಾಗ ಜ್ಞಾನಪ್ರಕಾಶನ ಬೆರಳುಗಳು ತಣ್ಣಗಾದವು. ಬೆಂಚಿನ ಮೇಲೆ ಅಂಗಾತ ಮಲಗಿದ್ದ ಆ ಕಲಾಯಿಗಾರ ಕಮರಿಪೇಟೆಯಿಂದ ನಡೆದೇ ಬಂದಿದ್ದ. ನಾಲ್ಕು ದಿನದ ಹಿಂದೆ ನಿಚ್ಚಣಿಕೆಯಿಂದ ಬಿದ್ದವನ ಕುತ್ತಿಗೆ ಅತ್ತಿತ್ತ ಹೊರಳುತ್ತಿರಲಿಲ್ಲ.

"ನೋವಾತಂದ್ರ ಹೇಳ್ರಿ."

"ನೀವು ಮಾಡ್ರಿ ಸಾಹೇಬ್ರ, ನಾ ಒದರಂಗಿಲ್ಲ," ಎಂದು ಯಾಕೂಬಸಾಬ ಕಣ್ಣು ಮುಚ್ಚಿಕೊಂಡ.

ಆ ಮಾತಿನಿಂದ ಜ್ಞಾನಪ್ರಕಾಶನ ಹೆದರಿಕೆ ಇನ್ನಷ್ಟು ಹೆಚ್ಚಿತು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಪಾದ್ರಿಯೊಬ್ಬರ ಶಿಫಾರಸಿನ ಮೇಲೆ ಅಮೆರಿಕಕ್ಕೆ ಹೋಗಿ, ಬೆನ್ನೆಲುಬನ್ನು ಬರಿಗೈಯಿಂದ ಸರಿಪಡಿಸುವ ಕೈರೋಪ್ರ್ಯಾಕ್ಟಿಕ್ ವಿದ್ಯೆ ಕಲಿತು ಅವನು ಹುಬ್ಬಳ್ಳಿಗೆ ಮರಳಿ ಎರಡೇ ತಿಂಗಳಾಗಿತ್ತು. ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಕಲಿಯಬೇಕಿತ್ತು. ಎರಡನೆಯ ವರ್ಷ ಒಂದು ದಿನ, ಮಾಸ್ತರರು ಪಕ್ಕದಲ್ಲೇ ನಿಂತು ನೋಡುತ್ತಿದ್ದಾಗ, ಕಾರ್ಲ್ ಎಂಬ ಸಹಪಾಠಿಯ ಕುತ್ತಿಗೆ ಅವನ ಕೈಯಲ್ಲಿತ್ತು. "ಬೇಡ," ಎಂದು ಕಾರ್ಲ್ ಪಿಸುಗುಟ್ಟಿದ. ಅದು ಜ್ಞಾನಪ್ರಕಾಶನಿಗೆ ಕೇಳಿಸಿತ್ತು. ಮಾಸ್ತರರು ಏನಂದುಕೊಂಡಾರೋ ಎಂದು ತಿರುಗಿಸಿಯೇಬಿಟ್ಟ. ಲಟಕ್ಕೆಂದಿತು. ಕಾರ್ಲ್‌ನ ಎಡಗೈ ಬೆಂಚಿನಿಂದ ಜೋತುಬಿತ್ತು. ಸಂಜೆಯ ಹೊತ್ತಿಗೆ ಕೈ ಆಡತೊಡಗಿತಾದರೂ ಅವನು ಕಾಲೇಜು ಬಿಟ್ಟು ಹೋದ. ಅವನು ಬೇಡವೆಂದಿದ್ದನ್ನು ಜ್ಞಾನಪ್ರಕಾಶ ಯಾರಿಗೂ ಹೇಳಲಿಲ್ಲ. ಪದವಿ ಸಿಕ್ಕಿತು.

ಈಗ ಅವನು ಯಾಕೂಬಸಾಬನ ಅಂಗೈಗಳಲ್ಲಿ ತನ್ನ ಬೆರಳುಗಳನ್ನಿಟ್ಟ. "ಜೋರ್ಲೆ ಹಿಚಕ್ರಿ."

ಬಲಗೈ ಇಕ್ಕಳದಂತೆ ಹಿಡಿಯಿತು. ಎಡಗೈ ಮುಟ್ಟಿದ ಹಾಗಾಯಿತು, ಅಷ್ಟೇ.

"ಯಾವಾಗಿಂದ ಹಿಂಗ?"

"ನಿನ್ನಿಯಿಂದ್ರಿ. ಚಾದ ಬಶಿ ಕೈ ಜಾರಿ ಬಿತ್ತು."

ಜ್ಞಾನಪ್ರಕಾಶ ಆ ತಲೆಯನ್ನು ಮೆಲ್ಲಗೆ ಕೆಳಗಿಳಿಸಿದ. "ಒಟ್ಟ ಅಲುಗಾಡಬ್ಯಾಡ್ರಿ. ನಾ ಇದನ್ನ ಮಾಡಂಗಿಲ್ಲ. ಆಸ್ಪತ್ರಿಗೆ ಹೋಗೂಣು."

ಬಾಗಿಲಲ್ಲಿ ಕೂತಿದ್ದ ಯಾಕೂಬಸಾಬನ ಹೆಂಡತಿ ಕರೀಮಾಬಿ ಎದ್ದು ನಿಂತಳು. "ಆಸ್ಪತ್ರ್ಯಾಗ ಕೊಯ್ತಾರಂತ ಅಂಜಿ ನಿಮ್ಮ ಕಡಿ ಬಂದೇವ್ರಿ. ಅಷ್ಟು ದೂರ ಹೋಗಿ ಕಲ್ತು ಬಂದೀರಿ, ನೀವೂ ಅಂಜಿದ್ರ ಹೆಂಗ್ರಿ?"

ಜ್ಞಾನಪ್ರಕಾಶ ಅವಳತ್ತ ತಿರುಗಿದ. "ಕಲಿಯೂವಾಗ ಒಬ್ಬಾವ ಬ್ಯಾಡ ಅಂದಿದ್ದ, ಅಕ್ಕಾರ. ನಾ ಬಿಡಲಿಲ್ಲ. ಅವನ ಕೈ ಬಿದ್ದುಹೋತು."

ಕರೀಮಾಬಿ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಚಕ್ಕಡಿ ಹುಡುಕಲು ಹೊರಟಳು.

ನೆರೆಯವರು ಯಾಕೂಬಸಾಬನನ್ನು ಹಲಗೆಯ ಮೇಲೆ ಎತ್ತಿ ತಂದು, ಹುಲ್ಲು ಹಾಸಿದ ಚಕ್ಕಡಿಯಲ್ಲಿ ಮಲಗಿಸಿದರು. ಜ್ಞಾನಪ್ರಕಾಶ ಅವನ ತಲೆಯ ಹಿಂದೆ ಕೂತು, ಕಿವಿಗಳ ಪಕ್ಕ ಎರಡೂ ಕೈಗಳನ್ನು ಒತ್ತಿಟ್ಟುಕೊಂಡ. ಗಾಲಿ ಕಲ್ಲಿನ ಮೇಲೆ ಹತ್ತಿಳಿದಾಗಲೆಲ್ಲ ಆ ತಲೆ ಅಲುಗದಂತೆ ಮೊಣಕೈಗಳನ್ನು ಬಿಗಿಹಿಡಿದ.

"ಏನಾರ ಮಾತಾಡ್ರಿ ಸಾಹೇಬ್ರ," ಎಂದ ಯಾಕೂಬಸಾಬ. "ನನಗ ಅಂಜಿಕಿ ಬರಾಕತ್ತೈತಿ."

ನಡುಮಧ್ಯಾಹ್ನದ ಬಿಸಿಲು ಯಾಕೂಬಸಾಬನ ಕಣ್ಣಿಗೆ ಬೀಳದಂತೆ ಜ್ಞಾನಪ್ರಕಾಶ ಇನ್ನಷ್ಟು ಮುಂದಕ್ಕೆ ಬಾಗಿ ಕೂತ.