ಗುರು ಕೈ ಇಟ್ಟ ತಲೆ

ಹನಮಂತಪ್ಪನನ್ನು ಪ್ರತಿ ವರ್ಷ ಜೂನಿನಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು, ಏಪ್ರಿಲಿನಲ್ಲಿ ಬಿಡಿಸುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆದಿತ್ತು. ಬಮ್ಮಿಗಟ್ಟಿ ದಾಟಿ ಎರಡು ಮೈಲಿ ಹೋದರೆ ಸಿಗುವ ಆ ಊರಿನ ಪ್ರೌಢಶಾಲೆಗೆ ಅವನು ಡ್ರಿಲ್ ಮಾಸ್ತರ. ಹಂಗಾಮಿ ಎಂಬ ಮಾತು ಅವನ ಹೆಸರಿನ ಹಿಂದೆ ಎಷ್ಟು ಕಾಯಂ ಆಗಿ ನಿಂತಿತ್ತೆಂದರೆ, ಕಿರಾಣಿ ಅಂಗಡಿಯವರೂ ಅವನನ್ನು ಹಂಗಾಮಿ ಮಾಸ್ತರ ಎಂದೇ ಕರೆಯುತ್ತಿದ್ದರು.

ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿ ಸಾವಂತ್ರೆವ್ವ ನವಲಗುಂದದ ತವರಿನಲ್ಲೇ ಇದ್ದಳು. ನೌಕರಿ ಕಾಯಂ ಆದ ಮೇಲೆ ಮಗಳನ್ನು ಕಳಿಸುವುದಾಗಿ ಮಾವ ಹೇಳಿದ್ದ. ಹೇಳಿದ್ದು ಮದುವೆಯ ಪಂಕ್ತಿಯಲ್ಲಿ, ಬಡಿಸುವವರಿಗೂ ಕೇಳುವಂತೆ. ಹನಮಂತಪ್ಪ ವಾರಕ್ಕೊಂದು ಕಾರ್ಡು ಬರೆಯುತ್ತಿದ್ದ. ಅದನ್ನು ಮೊದಲು ಅಂಚೆಯವನು ಓದುತ್ತಿದ್ದ, ನಂತರ ಮಾವ, ಎಲ್ಲರದೂ ಆದ ಮೇಲೆ ಸಾವಂತ್ರೆವ್ವ. ಹಾಗಾಗಿ ಮನಸ್ಸಿನಲ್ಲಿದ್ದುದನ್ನು ಬಿಟ್ಟು, ಮಳೆಯಾದದ್ದು, ಪರೀಕ್ಷೆ ನಡೆದದ್ದು, ಹೀಗೆ ಯಾರು ಓದಿದರೂ ನಡೆಯುವ ಸಂಗತಿಗಳನ್ನು ಬರೆಯುತ್ತಿದ್ದ.

ಎಂಬತ್ತೈದನೆಯ ಇಸವಿಯ ಜೂನಿನಲ್ಲಿ ಶಾಲೆಯ ಚೇರಮನ್ ಈರಪ್ಪಗೌಡರು ಧಾರವಾಡದ ಯಾವುದೋ ಶಾಲೆಯ ಸಮಾರಂಭಕ್ಕೆ ಹೋಗಿಬಂದರು. ಅಲ್ಲಿಯ ಹೆಡ್‌ಮಾಸ್ತರರ ಕೋಣೆಯಲ್ಲಿ ಗಾಜಿನ ಕಪಾಟಿನೊಳಗೆ ಬೆಳ್ಳಿಬಣ್ಣದ ದೊಡ್ಡ ಕಪ್ಪು ಇತ್ತಂತೆ. ಅಂಥದೇ ಕಪಾಟನ್ನು ಗೌಡರು ತಮ್ಮ ಶಾಲೆಗೆ ಹಿಂದೆಯೇ ದಾನ ಕೊಟ್ಟಿದ್ದರು. ಅದರಲ್ಲಿ ಒಡೆದ ಗ್ಲೋಬು ಇತ್ತು. ಗೌಡರು ಹನಮಂತಪ್ಪನನ್ನು ಕರೆಸಿ, ಜಿಲ್ಲೆಯ ಕಪ್ಪು ಯಾವ ಆಟದ್ದಾದರೂ ಸರಿ, ಬಂದ ದಿನವೇ ಕಮಿಟಿಯಲ್ಲಿ ಅವನನ್ನು ಕಾಯಂ ಮಾಡುವ ಠರಾವು ಆಗುತ್ತದೆ ಎಂದರು.

ಕಬಡ್ಡಿ, ಖೋಖೋ ಆಡಲು ತಾಲ್ಲೂಕಿನ ತುಂಬ ಹುಲಿಗಳಿದ್ದವು. ಫುಟ್‌ಬಾಲಿಗೆ ಹೆಸರು ಕೊಟ್ಟವು ಎರಡೇ ಶಾಲೆ. ಹನಮಂತಪ್ಪ ಫುಟ್‌ಬಾಲು ಹಿಡಿದ.

ಹುಡುಗರು ಚುರುಕಾಗಿದ್ದರು. ಎಲ್ಲರಿಗಿಂತ ಚುರುಕಾದವನು ಗೌಡರ ಮೊಮ್ಮಗ ಶಂಭುಲಿಂಗ. ಎರಡನೆಯ ದಿನವೇ ಅವನು ಎತ್ತರದ ಚೆಂಡಿಗೆ ತಲೆ ಕೊಟ್ಟು ಗೋಲು ಮಾಡಿದ. ಸುದ್ದಿ ಅವನಿಗಿಂತ ಮುಂಚೆ ಮನೆ ಮುಟ್ಟಿತು. ಸಂಜೆ ಗೌಡರ ತಾಯಿ ಗೌರಕ್ಕ ಮಾಸ್ತರನನ್ನು ಕರೆಸಿಕೊಂಡಳು. ಎಂಬತ್ತರ ಮುದುಕಿ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು.

“ಚೆಂಡ ಯಾತರದು?”

“ಚರ್ಮದ್ದರಿ, ಆಯಿ.”

“ಚರ್ಮ ಎಲ್ಲಿರಬೇಕು?”

“ಕಾಲಾಗರಿ.”

“ಮತ್ತ?”

ಇಷ್ಟೇ ವಾದ. ಲಿಂಗದೀಕ್ಷೆಯ ದಿನ ಗುರು ಕೈ ಇಟ್ಟ ತಲೆ ಅದು, ಅದಕ್ಕೆ ಚರ್ಮ ತಾಗಕೂಡದು ಎಂದು ತೀರ್ಮಾನವಾಯಿತು. ಕೈಯ ವಿಷಯದಲ್ಲಿ ಮುದುಕಿ ಉದಾರವಾಗಿದ್ದಳು. ಗೆರೆ ದಾಟಿದ ಚೆಂಡನ್ನು ಕೈಯಿಂದ ಎಸೆಯಬಹುದು, ಎಸೆದ ಕೂಡಲೇ ತೊಳೆದುಕೊಳ್ಳಬೇಕು. ತಲೆಯನ್ನೂ ತೊಳೆದುಕೊಂಡರೆ ಆಗುವುದಿಲ್ಲವೇ ಎಂದು ಹನಮಂತಪ್ಪ ಮೆಲ್ಲನೆ ಕೇಳಿದ. ತಲೆ ತೊಳೆದರೆ ಗುರು ಇಟ್ಟ ಕೈಯನ್ನೂ ತೊಳೆದಂತೆ ಎಂದಳು. ಹಾಗಾದರೆ ದಿನಾ ಜಳಕ ಮಾಡುವಾಗ ಏನಾಗುತ್ತದೆ ಎಂದು ಕೇಳುವ ಧೈರ್ಯ ಆ ಶಾಲೆಯ ಕಾಯಂ ನೌಕರರಿಗೂ ಇರಲಿಲ್ಲ.

ಮರುದಿನದಿಂದ ಶಿಪಾಯಿ ಮಡಿವಾಳೆಪ್ಪ ತಾಮ್ರದ ತಂಬಿಗೆ ಹಿಡಿದು ಗೆರೆಯುದ್ದಕ್ಕೂ ಓಡತೊಡಗಿದ. ಚೆಂಡು ಎಸೆದವನು ಅವನ ಮುಂದೆ ಕೈ ಒಡ್ಡಿ, ನೀರು ಬಿದ್ದ ಮೇಲೆ ಆಟಕ್ಕೆ ಮರಳುತ್ತಿದ್ದ. ಲಿಂಗ ಕಟ್ಟದ ಮನೆಗಳ ಹುಡುಗರೂ ತಾವೇನು ಕಡಿಮೆ ಎಂದು ಕೈ ಒಡ್ಡಿದರು, ಎತ್ತರದ ಚೆಂಡು ಬಂದಾಗ ತಲೆ ಬಾಗಿಸಿದರು. ಗುರು ಇರಲಿ, ಕ್ಷೌರಿಕ ಬಿಟ್ಟರೆ ಬೇರೆ ಯಾರೂ ಕೈ ಇಡದ ತಲೆಗಳೂ ಅವುಗಳಲ್ಲಿದ್ದವು.

ಗೋಲು ಕಾಯುವ ಗೋಲಿ ಯಾರಾಗಬೇಕು ಎಂಬುದೊಂದು ಉಳಿಯಿತು. ಗೋಲಿಗೆ ಕೈಯೇ ಕೆಲಸ, ಎಷ್ಟು ಸಲ ತೊಳೆಯುವುದು? ಹತ್ತನೆಯ ಇಯತ್ತೆಯಲ್ಲಿ ಬಾಗಿಲ ಬಳಿಯ ಕಡೆಯ ಸಾಲಿನಲ್ಲಿ ಕೂಡುತ್ತಿದ್ದ ತಿರಕಪ್ಪನ ಉದ್ದನೆಯ ತೋಳುಗಳು ಆಗ ಎಲ್ಲರ ಕಣ್ಣಿಗೆ ಬಿದ್ದವು. ಅವನ ಅಪ್ಪ ಊರಿನವರ ಚಪ್ಪಲಿ ಹೊಲಿಯುತ್ತಿದ್ದ. ಚೆಂಡಿನ ಹೊಲಿಗೆ ಬಿಟ್ಟಾಗ ಹೊಲಿದುಕೊಡುತ್ತಿದ್ದವನೂ ಅವನೇ. ಹನಮಂತಪ್ಪ ತಿರಕಪ್ಪನನ್ನು ಕರೆದು, ಗೋಲಿನಲ್ಲಿ ನಿಲ್ಲಬೇಕು ಎಂದ.

“ಮುಟ್ಟಬೌದೇನ್ರಿ ಸರ?” ಎಂದ ತಿರಕಪ್ಪ.

“ಗೋಲಿ ಮುಟ್ಟಬೌದು. ಅದ ರೂಲು.”

“ಚೆಂಡಿನ ಮಾತಲ್ರಿ. ಅದು ನಮ್ಮ ಮನಿದ. ಈ ಕಂಬ ಮಠದ ಹಂದರದ್ದು ಅಂತ ಕೇಳೇನಿ. ಅದಕ್ಕ ಕೇಳಿದೆ.”

ಕಂಬ ನಿಜಕ್ಕೂ ಮಠದ ಹಂದರದ್ದೇ ಆಗಿತ್ತು. ಹನಮಂತಪ್ಪ, ನೆಲದಲ್ಲಿ ನೆಟ್ಟ ಮೇಲೆ ಅದು ಗೋಲಿನ ಕಂಬ ಎಂದ. ತಿರಕಪ್ಪ ಹೌದ್ರಿ ಎಂದು ಹೋಗಿ ಕಂಬಕ್ಕೆ ಕೈ ಊರಿ ನಿಂತ.

ಹೀಗೆ ಆ ತಂಡ ಚೆಂಡನ್ನು ನೆಲ ಬಿಟ್ಟು ಏಳಗೊಡದ ಆಟ ಕಲಿಯಿತು. ಬೇರೆ ದಾರಿ ಇರಲಿಲ್ಲ. ಸಣ್ಣ ಸಣ್ಣ ಪಾಸು, ಕಾಲಿನಿಂದ ಕಾಲಿಗೆ, ಇರುವೆ ಸಾಲಿನ ಹಾಗೆ. ಕಲಘಟಗಿಯಲ್ಲಿ ನಡೆದ ತಾಲ್ಲೂಕಿನ ಪಂದ್ಯದಲ್ಲಿ ಎದುರಿನವರು ಆಕಾಶಕ್ಕೆ ಒದ್ದು ಒದ್ದು ದಣಿದರು, ಇವರು ಎರಡು ಗೋಲಿನಿಂದ ಗೆದ್ದರು. ಸೆಪ್ಟೆಂಬರಿನಲ್ಲಿ ಧಾರವಾಡಕ್ಕೆ ಹೋದರು. ಮೊದಲ ಸುತ್ತಿನ ಎದುರಾಳಿಗಳ ಬಸ್ಸು ಕೆಟ್ಟಿತು. ಎರಡನೆಯ ಸುತ್ತಿನವರು ಇವರ ಸಾಲನ್ನು ಒಡೆಯಲಾರದೆ ಸೋತರು. ಸೆಮಿಫೈನಲ್ಲಿಗೆ ಬಂದಾಗ, ಕನ್ನಡಕ ಹಾಕಿದ ಒಬ್ಬ ನಿವೃತ್ತ ಅಧಿಕಾರಿ ಹನಮಂತಪ್ಪನ ಕೈ ಕುಲುಕಿ, ಈ ನೆಲದ ಆಟ ಅಗದಿ ಶಾಸ್ತ್ರೀಯವಾಗಿದೆ, ಯಾವ ಪದ್ಧತಿ ಎಂದು ಕೇಳಿದರು.

“ಹಿರ್ಯಾರು ಹಾಕಿಕೊಟ್ಟದ್ರಿ” ಎಂದ ಹನಮಂತಪ್ಪ.

ಚೆಂಡು ಮೇಲೆದ್ದಾಗ ಹತ್ತು ತಲೆಗಳು ಒಟ್ಟಿಗೆ ಬಾಗುತ್ತಿದ್ದವು. ಧಾರವಾಡದ ಜನ ಅದನ್ನು ವಿನಯ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಒಂದು ಪತ್ರಿಕೆಯಲ್ಲಿ ಎರಡು ಸಾಲು ಬಂತು, ಹಳ್ಳಿಯ ಮಕ್ಕಳ ಶಿಸ್ತು ನಗರದವರಿಗೆ ಮಾದರಿ ಎಂದು. ಹನಮಂತಪ್ಪ ಅದನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಿ ನವಲಗುಂದಕ್ಕೆ ಕಳಿಸಿದ. ಸೆಮಿಫೈನಲ್ಲನ್ನು ತಿರಕಪ್ಪನ ತೋಳುಗಳು ಗೆದ್ದುಕೊಟ್ಟವು. ಅದನ್ನು ಪತ್ರಿಕೆಯವರು ಬರೆಯಲಿಲ್ಲ.

ಫೈನಲ್ಲು ಹುಬ್ಬಳ್ಳಿಯ ಒಂದು ಶಾಲೆಯ ಮೇಲೆ. ಅವರಿಗೆ ಬೂಟುಗಳಿದ್ದವು, ಬುದ್ಧಿಯೂ ಇತ್ತು. ಅರ್ಧ ಗಂಟೆಯಲ್ಲಿ ಅವರಿಗೆ ಇವರ ಗುಟ್ಟು ತಿಳಿಯಿತು. ಅಲ್ಲಿಂದ ಚೆಂಡನ್ನು ನೆಲಕ್ಕೆ ಇಳಿಸಲೇ ಇಲ್ಲ. ಹತ್ತು ತಲೆಗಳು ಬಾಗಿದವು, ಎದ್ದವು, ಬಾಗಿದವು. ತಿರಕಪ್ಪ ಒಬ್ಬನೇ ಎಡಕ್ಕೆ ಬಲಕ್ಕೆ ಹಾರಿ ಹಾರಿ ಮೊಣಕೈ ತರಚಿಕೊಂಡ. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಎರಡು ನಿಮಿಷ ಇರುವಾಗ ಇವರಿಗೊಂದು ಕಾರ್ನರ್ ಸಿಕ್ಕಿತು.

ಶಂಭುಲಿಂಗ ಮೂಲೆಯಲ್ಲಿ ಚೆಂಡು ಇಟ್ಟ. ಹನಮಂತಪ್ಪನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಚೆಂಡು ಮೇಲೇಳುತ್ತದೆ, ತನ್ನ ಒಂಬತ್ತು ಹುಡುಗರು ಬಾಗುತ್ತಾರೆ, ಏಪ್ರಿಲ್ ಬರುತ್ತದೆ. ಅವನು ಗೆರೆಯ ಗುಂಟ ಹಿಂದಕ್ಕೆ ಓಡಿದ.

“ತಿರಕ್ಯಾ, ಗೋಲ ಬಿಟ್ಟು ಬಾ.”

“ನಾನ್ರಿ?”

“ನೀನ ಬಾರಲೇ. ನಿನ್ನ ತಲಿ ಬೇಕು.”

ತಿರಕಪ್ಪ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿದ. ಚೆಂಡು ಎದ್ದಿತು. ಒಂಬತ್ತು ಬೆನ್ನುಗಳು ಬಾಗಿದವು. ಇವರ ಪೈಕಿ ನೆಟ್ಟಗೆ ನಿಂತವನು ಅವನೊಬ್ಬನೇ, ಅವನೂ ನಿಲ್ಲಲಿಲ್ಲ, ಹಾರಿದ. ಚೆಂಡು ಅವನ ಹಣೆಗೆ ಬಡಿದು ಬಲೆಯೊಳಗೆ ಹೋಯಿತು.

ಎಲ್ಲರಿಗಿಂತ ಮೊದಲು ಅವನನ್ನು ತಬ್ಬಿಕೊಂಡವನು ಶಂಭುಲಿಂಗ. ನಂತರ ಉಳಿದವರು ಒಬ್ಬರ ಮೇಲೊಬ್ಬರು ಬಿದ್ದರು. ಮಡಿವಾಳೆಪ್ಪನ ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು, ಯಾರೂ ಕೈ ಒಡ್ಡಲಿಲ್ಲ. ಧಾರವಾಡ ದೂರದ ಊರು, ಅಲ್ಲಿ ನೋಡಲು ಊರಿನವರಿರಲಿಲ್ಲ. ಹನಮಂತಪ್ಪ ಬಸ್‌ಸ್ಟ್ಯಾಂಡಿನ ಬಾಜುವಿನ ಅಂಚೆ ಪೆಟ್ಟಿಗೆಯ ಮೇಲೆಯೇ ಕಾರ್ಡು ಇಟ್ಟು ಬರೆದ: ಗೆದ್ದೆವು. ತಿರಕಪ್ಪ ತಲೆಯಿಂದ ಗೋಲು ಹೊಡೆದ. ನೀನು ಟ್ರಂಕು ತುಂಬಿಕೋ.

ಗೌಡರ ಚಕ್ಕಡಿ ಮೇಲೆ ಕಪ್ಪಿನ ಮೆರವಣಿಗೆ ನಡೆಯಿತು. ಗುಲಾಲು ಹಾರಿತು. ತಿರಕಪ್ಪ ಬಸ್ಸಿನಿಂದ ಇಳಿದವನೇ ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ತನ್ನ ಓಣಿಗೆ ತಿರುಗಿದ. ಹೊಲಿಗೆ ಬಿಟ್ಟಿದೆ, ಅಪ್ಪನಿಗೆ ಕೊಡಬೇಕು ಎಂದು ಹೇಳಿದನಂತೆ. ಕಟ್ಟೆಯ ಮೇಲೆ ಗೌರಕ್ಕ ಮರಿಮೊಮ್ಮಗನನ್ನು ಹತ್ತಿರ ಕರೆದು ತಲೆ ಮುಟ್ಟಿ ನೋಡಿದಳು.

“ಕಾಲಿಲೇ ಹೊಡದಿ ಹೌದಿಲ್ಲೋ?”

“ಹೌದಾಯಿ. ಕಾರ್ನರ್ ಕಾಲಿಲೇ ಹೊಡದ್ನಿ.”

ಹುಡುಗ ಸುಳ್ಳು ಹೇಳಲಿಲ್ಲ. ಮುದುಕಿ ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟ. ಕತ್ತಲಾಗುವುದರೊಳಗೆ, ಗೌಡರ ಮೊಮ್ಮಗ ಮೂಲೆಯಿಂದ ಒದ್ದ ಚೆಂಡು ಯಾರಿಗೂ ತಾಗದೆ ಹಾವಿನಂತೆ ಹೊರಳಿ ಗೋಲು ಹೊಕ್ಕಿತೆಂದು ಆಚೆ ಊರಾದ ತಂಬೂರಿನವರೆಗೂ ಗೊತ್ತಾಗಿತ್ತು.

ಮರುದಿನ ಗೌಡರು ಹನಮಂತಪ್ಪನಿಗೆ ಚಹಾ ಕೊಡಿಸಿದರು. ಕಮಿಟಿಗೆ ಪಂದ್ಯದ ವರದಿ ಬೇಕು, ಅದರ ಬೆನ್ನಿಗೇ ಠರಾವು ಎಂದರು. ನಿಜ ಏನೆಂದು ಮಡಿವಾಳೆಪ್ಪ ಅವರಿಗೆ ಆಗಲೇ ಹೇಳಿದ್ದ.

“ಗೋಲಿ ಜಾಗಾ ಬಿಟ್ಟು ಓಡಿದಾ ಅಂತ ಬರದ್ರ ಕಮಿಟಿಯವರು ಏನಂತಾರ? ಮಾಸ್ತರ ಶಿಸ್ತ ಕಲಿಸಿಲ್ಲ ಅಂತಾರ. ನಾ ನಿಮ್ಮ ಸಲುವಾಗಿ ಹೇಳತೇನಿ, ನನಗೇನೈತ್ರಿ ಇದರಾಗ.”

ಹನಮಂತಪ್ಪ ಹೌದ್ರಿ ಎಂದ. ಚಹಾ ಆರುತ್ತಿತ್ತು, ಕುಡಿದ.

ಬರೆಯುವ ಮೊದಲು ಅವನು ತಿರಕಪ್ಪನ ಮನೆಯ ತನಕ ಹೋದ. ಹೇಳಿ ಬರೆದರೆ ಅದು ಮೋಸವಲ್ಲ ಎಂದು ಅವನಿಗೆ ಹೇಗೋ ಅನ್ನಿಸಿತ್ತು. ತಿರಕಪ್ಪ ಅಂಗಳದಲ್ಲಿ ಅಪ್ಪನ ಎದುರು ಕುಳಿತು ಚೆಂಡು ಹಿಡಿದಿದ್ದ, ಅಪ್ಪ ಹೊಲಿಯುತ್ತಿದ್ದ. ಹನಮಂತಪ್ಪ ಕಾಯಂ ಆಗುವುದು, ಹೆಂಡತಿ ತವರಿನಲ್ಲಿರುವುದು ಎಲ್ಲ ಹೇಳಿದ. ಅಪ್ಪ ತಲೆ ಎತ್ತಲಿಲ್ಲ.

“ಬರೀರಿ ಸರ” ಎಂದ ತಿರಕಪ್ಪ. “ಅಕ್ಕಾರು ಬರಲಿ.”

ಹನಮಂತಪ್ಪ ಬರೆದ. ಗೋಲು ಶಂಭುಲಿಂಗನ ಕಾಲಿಗೆ ಹೋಯಿತು. ತಿರಕಪ್ಪನನ್ನೂ ಅವನು ಮರೆಯಲಿಲ್ಲ: ಗೋಲಿಯಾದ ತಿರಕಪ್ಪನು ಪಂದ್ಯದುದ್ದಕ್ಕೂ ತನ್ನ ಜಾಗದಿಂದ ಕದಲದೆ ನಿಂತು ಎಲ್ಲರಿಗೂ ಮೇಲ್ಪಂಕ್ತಿಯಾದನು. ಈ ವಾಕ್ಯ ಅವನಿಗೆ ಸ್ವತಃ ಮೆಚ್ಚುಗೆಯಾಯಿತು. ಹುಡುಗನಿಗೆ ಏನೋ ಒಂದು ಕೊಟ್ಟ ಹಾಗಾಯಿತು ಎಂದುಕೊಂಡ. ಪ್ರಾರ್ಥನೆಯ ವೇಳೆ ತಾನೇ ಗಟ್ಟಿಯಾಗಿ ಓದಿದ, ಮಕ್ಕಳು ಚಪ್ಪಾಳೆ ತಟ್ಟಿದರು. ಕಡೆಯ ಸಾಲಿನಲ್ಲಿ ತಿರಕಪ್ಪನೂ ತಟ್ಟಿದ. ಕಪಾಟಿನಿಂದ ಗ್ಲೋಬು ಹೊರಗೆ ಬಂತು, ಕಪ್ಪು ಒಳಗೆ ಹೋಯಿತು. ಅದರ ಮೇಲಿನ ಬೋರ್ಡಿನಲ್ಲಿ ಗೆಲುವಿನ ಗೋಲು ಹೊಡೆದವನೆಂದು ಬಿಳಿ ಬಣ್ಣದಿಂದ ಶಂಭುಲಿಂಗನ ಹೆಸರು ಬರೆಸಿದರು. ಠರಾವು ಆಯಿತು.

ಸಾವಂತ್ರೆವ್ವ ಒಂದು ಟ್ರಂಕು ಮತ್ತು ದಾರ ಕಟ್ಟಿದ ಕಾರ್ಡುಗಳ ಕಟ್ಟಿನೊಂದಿಗೆ ಬಂದಳು. ಎರಡನೆಯ ದಿನ ಹನಮಂತಪ್ಪ ಅವಳಿಗೆ ಶಾಲೆ ತೋರಿಸಿದ. ಅವಳು ಬೋರ್ಡಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ದಾರಿಯಲ್ಲಿ, ಅಕ್ಷರ ಚಲೋ ತೆಗೆದಿದ್ದಾರೆ ಎಂದಳು. ಮನೆಗೆ ಬಂದು ಕಡೆಯ ಕಾರ್ಡನ್ನು ಇನ್ನೊಮ್ಮೆ ಓದಿ ಕಟ್ಟಿಗೆ ಸೇರಿಸಿದಳು. ಅವನು ಬಹಳ ಸಂತೋಷವಾಗಿದ್ದ, ಅಥವಾ ಹಾಗೆ ಇರಬೇಕಾದ ದಿನಗಳು ಅವು.

ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ವಿಭಾಗದ ಪಂದ್ಯ. ಈ ಸಲ ಗೌಡರೂ ಬಂದು ಕುರ್ಚಿಯಲ್ಲಿ ಕುಳಿತರು. ಮೊದಲ ಪಂದ್ಯದಲ್ಲೇ ಒಂದು ಗೋಲು ಹಿಂದೆ ಬಿದ್ದರು. ಚೆಂಡು ಮೇಲೆ ಮೇಲೆ ಬಂತು, ತಲೆಗಳು ಬಾಗಿದವು. ಕಡೆಯ ನಿಮಿಷಕ್ಕೆ ಮತ್ತೆ ಒಂದು ಕಾರ್ನರ್. ಶಂಭುಲಿಂಗ ಮೂಲೆಯಲ್ಲಿ ಚೆಂಡು ಇಟ್ಟು, ಒದೆಯದೆ, ತಮ್ಮ ಗೋಲಿನ ಕಡೆ ತಿರುಗಿ ನೋಡಿದ.

ಹನಮಂತಪ್ಪ ಕುರ್ಚಿಗಳನ್ನು ದಾಟಿ ಗೋಲಿನ ಹಿಂದೆ ಓಡಿದ. ತಿರಕಪ್ಪ ಕಂಬಕ್ಕೆ ಒಂದು ಕೈ ಊರಿ ನಿಂತಿದ್ದ.

“ಹೋಗೋ ತಿರಕ್ಯಾ, ಲಗೂನ ಹೋಗು.”

“ಹೆಂಗ ಹೋಗಲ್ರಿ ಸರ? ನಾ ಜಾಗಾದಿಂದ ಕದಲಾಂವಲ್ಲ. ನೀವ ಓದೀರಿ, ಪ್ರಾರ್ಥನಿ ಮುಂದ.”

ಅವನ ದನಿಯಲ್ಲಿ ಸಿಟ್ಟು ಇತ್ತೋ ಇಲ್ಲವೋ ಹನಮಂತಪ್ಪನಿಗೆ ತಿಳಿಯಲಿಲ್ಲ. ಅವನು ಅಗದಿ ನೆಟ್ಟಗೆ ನಿಂತಿದ್ದ, ವರದಿಯಲ್ಲಿ ಇದ್ದ ಹಾಗೆಯೇ. ರೆಫ್ರಿ ಸೀಟಿ ಊದಿದ. ಶಂಭುಲಿಂಗ ಒದ್ದ. ಚೆಂಡು ಒಂಬತ್ತು ಬೆನ್ನುಗಳ ಮೇಲೆ ಹಾಯ್ದು ಆ ಕಡೆಯ ಗಿಡದ ಬುಡಕ್ಕೆ ಹೋಗಿ ಬಿತ್ತು.

ಗೌಡರಿಗೆ ಅಂಥ ಬೇಸರವೇನೂ ಆಗಲಿಲ್ಲ. ವಿಭಾಗದ ಕಪ್ಪು ಇಡಲು ಕಪಾಟಿನಲ್ಲಿ ಜಾಗವೂ ಇರಲಿಲ್ಲ.

ಹನಮಂತಪ್ಪ ಮನೆ ಮುಟ್ಟಿದಾಗ ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ದಿನ ಗೆಲುವನ್ನೆಲ್ಲ ಕಾರ್ಡಿನಲ್ಲಿ ಬರೆದವನಿಗೆ ಸೋಲನ್ನು ಬಾಯಿಂದ ಹೇಳುವುದು ರೂಢಿಯಿರಲಿಲ್ಲ. ಕಾಲು ತೊಳೆದುಕೊಂಡು ಬಂದು ಕುಳಿತ.

“ಈ ಸಲ ಯಾರು ಹೊಡದ್ರಿ ಗೋಲು?” ಎಂದು ಅವಳು ಕೇಳಿದಳು.

“ಯಾರೂ ಹೊಡೀಲಿಲ್ಲ.”

ಅವಳು ರೊಟ್ಟಿ ತಿರುವಿ ಹಾಕಿದಳು.

“ಬೋರ್ಡಿಗೆ ಏನ ಬರಸ್ತೀರಿ?”